ಭೂತಾನಕ್ಕೆ ಹೋದ ಮೂಡ್ಲ ಹೊಲ

ನನ್ನ ಮೂಡ್ಲ ಹೊಲವನ್ನು ನಾನು ಯಾರಿಗೂ ದಾನ ಮಾಡಿಲ್ಲ. ಮಾಡೋದೂ ಇಲ್ಲ. ಈ ಮಾತನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಸಿರಾದಿಂದ ಪಾವಗಡದ ತನಕ ಯಾವ ಬಸ್ಸು ಹತ್ತಿದ್ರೂ ಯಾರಾದ್ರೊಬ್ಬರು ಪಕ್ಕದಲ್ಲಿ ಬಂದು ಕೂತು, "ಹೊಲ ಕೊಡ್ತೀನಿ ಅಂತ ಸ್ಟೇಜು ಹತ್ತಿ ಆಮೇಲೆ ಕೈಯೆತ್ತಿದೋರು ನೀವೇ ಅಲ್ವಾ?" ಅಂತ ಕೇಳ್ತಾರೆ. ಕೊಡ್ತೀನಿ ಅಂದೋನೇ ಅಲ್ಲ ನಾನು, ಇನ್ನು ಕೈಯೆತ್ತೋದು ಎಲ್ಲಿಂದ ಬಂತು ಸ್ವಾಮಿ?

ನನ್ನ ಹೆಸರು ಓಬಳರಾಜು. ಕಳ್ಳಂಬೆಳ್ಳ ಕೆರೆಯ ಆಚೆ ಕಡೆ ನಮ್ಮೂರು. ಅಲ್ಲಿ ರಾಗಿ ಬೀಸೋ ಮಿಷನ್ನು ಇಟ್ಟಿದೀನಿ. ಮಿಷನ್ನಿಗೂ ನಮ್ಮ ಅಡಿಗೆಮನೆಗೂ ನಡುವೆ ಇರೋದು ಒಂದೇ ಗೋಡೆ. ಆ ಸದ್ದಿನ ಜತೆ ಸಂಸಾರ ಮಾಡಿ ಮಾಡಿ ನನಗೆ ಮೆಲ್ಲಗೆ ಮಾತಾಡೋ ಅಭ್ಯಾಸವೇ ತಪ್ಪಿಹೋಗಿದೆ. ನಾನು ಮನೇಲಿ ಕೂತು "ಸಾರಿಗೆ ಉಪ್ಪು ಕಮ್ಮಿ" ಅಂದ್ರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರೋರಿಗೂ ನಮ್ಮನೆ ಸಾರಿನ ಸಮಾಚಾರ ಗೊತ್ತಾಗುತ್ತೆ.

ಮದುವೆಯಾದಾಗಿಂದ ನಾನೂ ನನ್ನ ಹೆಂಡತಿ ವರಲಕ್ಷ್ಮಿಯೂ ಮಾಡಿರೋ ಪ್ರವಾಸ ಅಂದ್ರೆ ಗೊರವನಹಳ್ಳಿ ಒಂದೇ. ಬಸ್ಸಲ್ಲಿ ಹೋಗೋದು, ಮಹಾಲಕ್ಷ್ಮಿಗೆ ಕೈಮುಗಿಯೋದು, ಪ್ರಸಾದ ಉಂಡು ಅದೇ ಬಸ್ಸಲ್ಲಿ ವಾಪಸ್ ಬಂದು ಮಿಷನ್ ಹಾಕೋದು. ಈ ವರ್ಷ ಹುಣಸೆ ಹಣ್ಣು ಚೆನ್ನಾಗಿ ಕೈ ಹಿಡೀತು. ಹಣ್ಣು ಲಾರಿಗೆ ಏರಿಸಿದ ದಿನ ವರಲಕ್ಷ್ಮಿ ಫೋನು ಹಿಡ್ಕೊಂಡು ಬಂದು ನನ್ನ ಮುಖದ ಮುಂದೆ ಒಂದು ಬೆಟ್ಟ ತೋರಿಸಿದಳು. ಬೆಟ್ಟದ ತುಂಬಾ ಹಿಮ.

"ಈ ಸಲ ಗೊರವನಹಳ್ಳಿ ಬ್ಯಾಡ. ಭೂತಾನಕ್ಕೆ ಹೋಗಾನ" ಅಂದಳು.

"ಅಲ್ಲಿ ಯಾವ ದೇವ್ರೇ?"

"ದೇವ್ರಿಗಲ್ಲ. ನೋಡಾಕೆ."

"ಏನ್ನ ನೋಡಾಕೆ?"

"ಅದು ಗೊತ್ತಿದ್ರೆ ಅಷ್ಟು ದೂರ ಯಾಕೆ ಹೋಗ್ಬೇಕು?"

ಉತ್ತರ ಇಲ್ಲದಾಗ ಒಪ್ಪಿಕೊಳ್ಳೋದು ನಮ್ಮ ಮನೆ ಪದ್ಧತಿ. ಮಾರನೇ ದಿನವೇ ಸಿರಾಕ್ಕೆ ಹೋಗಿ ಟ್ರಾವೆಲ್ಸ್ ಚಿರಂಜೀವಿ ಹತ್ರ ಎಲ್ಲ ಬುಕ್ ಮಾಡಿಸಿದೆ. "ಪಾಸ್‌ಪೋರ್ಟೇ ಬೇಡ ಅಂಕಲ್, ವೋಟರ್ ಕಾರ್ಡ್ ಇದ್ರೆ ಒಳಗೆ ಬಿಡ್ತಾರೆ. ಆದ್ರೆ ಕ್ಯಾನ್ಸಲ್ ಮಾಡಿದ್ರೆ ಒಂದ್ ಪೈಸಾನೂ ವಾಪಸ್ ಬರಲ್ಲ" ಅಂದ. ಸೋಮವಾರ ಬೆಳಗ್ಗೆ ಹೊರಡೋದು ಅಂತ ಗಟ್ಟಿಯಾಯ್ತು. ವರಲಕ್ಷ್ಮಿ ಸ್ವೆಟರು, ಕಾಲುಚೀಲ ತರೋಕೆ ಅಂತ ಮಧುಗಿರಿಯಲ್ಲಿರೋ ಮಗಳು ಚಿತ್ರಾಳ ಮನೆಗೆ ಹೋದಳು. ಅವಳು ಊರಲ್ಲಿ ಇದ್ದಿದ್ರೆ ಮುಂದಿನ ರಾಮಾಯಣ ಒಂದೇ ಕ್ಷಣಕ್ಕೆ ಮುಗಿದುಹೋಗ್ತಿತ್ತು.

ಅವತ್ತು ಮಿಷನ್ ಜೋರಾಗಿ ಓಡ್ತಿತ್ತು. ಪಕ್ಕದ ಮನೆ ಆಂಜಿನಮ್ಮ ರಾಗಿ ಡಬ್ಬ ತಂದಿದ್ದಳು. ಆಂಜಿನಮ್ಮನಿಗೆ ಕಿವಿ ಸ್ವಲ್ಪ ಮಂದ, ಆದ್ರೆ ಬಾಯಿಗೆ ಆ ತೊಂದರೆ ಇಲ್ಲ.

"ಸೋಮವಾರದಿಂದ ಮಿಷನ್ ಬಂದ್ ಕಣಕ್ಕಾ!" ಅಂತ ಕೂಗಿದೆ.

"ಯಾಕ್ಲಾ?"

"ಭೂತಾನಕ್ಕೆ!"

"ಏನು, ಭೂದಾನಕ್ಕಾ?"

"ಹೂಂ ಕಣಕ್ಕಾ, ಭೂತಾನಕ್ಕೆ! ನಾವಿಬ್ರೂ!"

ಆಂಜಿನಮ್ಮ ಕೆನ್ನೆ ಮೇಲೆ ಕೈಯಿಟ್ಟಳು. "ಅಯ್ಯೋ ಶಿವನೇ! ಮಗಳೊಬ್ಬಳವಳಲ್ಲೋ, ಅವಳ್ಗೆ ಹೇಳ್ದಾ?"

"ಹೇಳ್ದೆ! ಕುಣಿದಾಡ್ಬುಟ್ಲು!"

ಆಂಜಿನಮ್ಮ ಸೆರಗಿಂದ ಕಣ್ಣೊರೆಸಿಕೊಂಡಳು. ಹಿಟ್ಟಿನ ಧೂಳು ಬಿದ್ದಿರಬೇಕು ಅಂತ ನಾನು ಅಂದುಕೊಂಡೆ. ಅವಳು ಅಂದುಕೊಂಡಿದ್ದು ಬೇರೆ. ಹಿಂದೆ ಜಮೀನಿದ್ದೋರು ಜಮೀನಿಲ್ಲದೋರಿಗೆ ಭೂಮಿ ಬರೆದುಕೊಡ್ತಿದ್ರಲ್ಲ, ಆ ಭೂದಾನದ ಕತೇನ ಆಂಜಿನಮ್ಮ ಅವರಪ್ಪನ ಬಾಯಲ್ಲಿ ಕೇಳಿದ್ದಳಂತೆ. ಒಂದು 'ತಾ' ಮಿಷನ್ನಿನ ಬಾಯಿಗೆ ಬಿದ್ದು 'ದಾ' ಆಗಿ ಹೊರಗೆ ಬಂತು, ಸಂಜೆ ಹೊತ್ತಿಗೆ ಇಡೀ ಊರು ಸುತ್ತಿತು.

ನನಗೇನು ಗೊತ್ತು? ಬೆಳಗ್ಗೆ ಎದ್ದು ಟೀ ಅಂಗಡಿಗೆ ಹೋದ್ರೆ ಅಂಗಡಿ ಜಯಣ್ಣ ತಾನೇ ಎದ್ದು ಬೆಂಚು ಒರೆಸಿದ. ದುಡ್ಡು ಕೊಡೋಕೆ ಹೋದ್ರೆ ಕೈ ಹಿಂದಕ್ಕೆ ತಳ್ಳಿ, "ನಿನ್ನ ಹತ್ರ ಈಸ್ಕಂಡ್ರೆ ನರಕಕ್ಕೆ ಹೋಗ್ತೀನಿ ಕಣಣ್ಣ" ಅಂದ. ವಿಮಾನ ಹತ್ತೋನಿಗೆ ಊರಲ್ಲಿ ಇಷ್ಟು ಬೆಲೆ ಇದೆ ಅಂತ ಗೊತ್ತಿದ್ರೆ ಯಾವತ್ತೋ ಹತ್ತುತಿದ್ನಲ್ಲ ಅಂತ ಅನ್ನಿಸಿತು. ಇನ್ನೊಂದು ಟೀ ಹೇಳಿದೆ.

ಮಧ್ಯಾಹ್ನ ಶಂಕರಲಿಂಗಪ್ಪ ಬಂದ. ಅವನು ನಮ್ಮೂರ ಸಮುದಾಯ ಭವನ ಸಮಿತಿಯ ಅಧ್ಯಕ್ಷ. ಸಮಿತಿ ಇದೆ, ಭವನ ಇಲ್ಲ. ಜಾಗ ಸಿಕ್ಕಿದ ದಿನ ಕಟ್ಟೋದು ಅಂತ ಅವನು ಅಧ್ಯಕ್ಷನಾಗಿ ಕಾಯ್ತಾ ಕೂತಿದಾನೆ. ತನ್ನ ಮನೆ ರಾಗಿಯನ್ನೂ ಆಳಿನ ಕೈಲಿ ಕಳಿಸೋ ಮನುಷ್ಯ ಅವತ್ತು ಬಾಳೆಹಣ್ಣು ಹಿಡ್ಕೊಂಡು ಖುದ್ದು ಬಂದಿದ್ದ.

"ವಿಷ್ಯ ಕೇಳ್ದೆ ಓಬಳರಾಜಪ್ಪ. ಮೈ ಜುಂ ಅಂತು. ಯಾವ ಕಡೇದು ಅಂತ ತೀರ್ಮಾನ ಮಾಡಿದ್ರಿ?"

"ಮೂಡ್ಲ ಕಡೇದು" ಅಂದೆ. ಭೂತಾನ ಇರೋದು ಮೂಡ್ಲ ಕಡೆ ಅಂತ ಚಿರಂಜೀವಿ ಮ್ಯಾಪಿನಲ್ಲಿ ತೋರಿಸಿದ್ದ.

"ಮೂಡ್ಲದ್ದಾ! ಬೆಟ್ಟದ ಪಕ್ಕದ್ದಾ!"

"ಬೆಟ್ಟ ಇಲ್ದಿದ್ರೆ ಇನ್ನೇನೈತಣ್ಣ ಅಲ್ಲಿ?"

"ನೀರು ಹೆಂಗೆ?"

"ನೀರಿಗೇನು ಬರ? ಮೇಲಿಂದ ಹಿಮ ಕರಗಿ ಇಳೀತದಂತೆ."

ಶಂಕರಲಿಂಗಪ್ಪ ಒಂದು ಗಳಿಗೆ ಬೆಪ್ಪಾದ. ದೊಡ್ಡ ಮನಸ್ಸಿನವರು ಸ್ವಲ್ಪ ಒಗಟಾಗಿ ಮಾತಾಡ್ತಾರೆ ಅಂತ ತಾನೇ ಸಮಾಧಾನ ಮಾಡ್ಕೊಂಡ ಅಂತ ಕಾಣುತ್ತೆ. "ಮನೆಯೋರು ಒಪ್ಪಿದಾರಾ?"

"ಒಪ್ಪೋದೇನು, ಮೊದ್ಲು ಬಾಯಿ ತೆಗೆದೋಳೇ ಅವಳು. ನಾನು ಬ್ಯಾಡ ಅಂದಿದ್ರೂ ಅವಳು ಬುಡ್ತಿರಲಿಲ್ಲ."

ಶಂಕರಲಿಂಗಪ್ಪ ಎದ್ದು ನಿಂತು ನಮ್ಮ ಅಡಿಗೆಮನೆ ಕಡೆ ತಿರುಗಿ ಕೈಮುಗಿದ. ಒಳಗೆ ಬೆಕ್ಕು ಬಿಟ್ಟು ಯಾರೂ ಇರಲಿಲ್ಲ.

ಅದರ ಮಾರನೇ ದಿನ ಸರ್ವೆಯರ್ ಮಹಾಲಿಂಗಯ್ಯ ಅಳತೆ ಟೇಪು ಹಿಡ್ಕೊಂಡು ಮೂಡ್ಲ ಹೊಲದಲ್ಲಿ ಪ್ರತ್ಯಕ್ಷ ಆದರು. ನನ್ನ ಬದುವಿನ ತಕರಾರು ಅಳೆದುಕೊಡಿ ಸ್ವಾಮಿ ಅಂತ ನಾನು ಕಾಲಿಗೆ ಬೀಳೋದೊಂದು ಬಾಕಿ, ಅಷ್ಟು ಸಲ ಕೇಳಿದ್ದೆ. ಆಗೆಲ್ಲ ಅವರಿಗೆ ಬಿಡುವಿರಲಿಲ್ಲ. ಈಗ ಕರೆಯದೇ ಬಂದಿದಾರೆ! ಆದ್ರೆ ನಾನೂ ದಡ್ಡನಲ್ಲ, ತಕ್ಷಣ ಅರ್ಥ ಮಾಡ್ಕೊಂಡೆ. ಹೊರದೇಶಕ್ಕೆ ಹೋಗೋರು ವಾಪಸ್ ಬರ್ತಾರೋ ಇಲ್ವೋ ಅಂತ ಸರ್ಕಾರಕ್ಕೆ ಅನುಮಾನ ಇರುತ್ತೆ. ಊರಲ್ಲಿ ಆಸ್ತಿ ಇದ್ದೋನು ಓಡಿಹೋಗಲ್ಲ ಅಂತ ಅಳೆದು ನೋಡ್ತಾರೆ. ನಾನೇ ಟೇಪಿನ ಇನ್ನೊಂದು ತುದಿ ಹಿಡಿದು ಹೊಲ ಪೂರ್ತಿ ಸುತ್ತಿದೆ.

"ಸರಿಯಾಗಿ ಅಳೀರಿ ಸಾರ್, ಒಂದು ಅಂಗುಲನೂ ಬಿಡಬ್ಯಾಡಿ. ಜಾಸ್ತಿ ತೋರಿಸಿದಷ್ಟೂ ನಮಗೆ ಒಳ್ಳೇದು" ಅಂದೆ.

ಮಹಾಲಿಂಗಯ್ಯ ಕನ್ನಡಕ ತೆಗೆದು ಒರೆಸಿದರು. "ನನ್ನ ಸರ್ವೀಸಿನಲ್ಲೇ ನಿಮ್ಮಂತೋರನ್ನ ನೋಡಿಲ್ಲ" ಅಂದರು. ಎಳನೀರು ಕೊಡಿಸಿ ಕಳಿಸಿದೆ.

ಸುದ್ದಿ ಪಾವಗಡ ತಾಲ್ಲೂಕಿಗೂ ಹೋಯ್ತು. ನಾಗಲಮಡಿಕೆಗೆ ಮನೆಅಳಿಯನಾಗಿ ಹೋಗಿ ಅರ್ಧ ತೆಲುಗನಾಗಿರೋ ನಮ್ಮಣ್ಣ ಮೂಡಲಗಿರಿಯಪ್ಪ ಶನಿವಾರ ಮೊದಲ ಬಸ್ಸಿಗೇ ಬಂದಿಳಿದ. ಅವನ ಪಾಲಿನ ಹೊಲ ಇರೋದು ನನ್ನ ಮೂಡ್ಲ ಹೊಲದ ಪಕ್ಕದಲ್ಲೇ. ನನ್ನ ಹೊಲವೂ ಇವತ್ತಲ್ಲ ನಾಳೆ ತನ್ನ ಮಕ್ಕಳಿಗೆ ಬರುತ್ತೆ ಅಂತ ಅವನು ಒಳಗೊಳಗೇ ಲೆಕ್ಕ ಹಾಕಿರೋದು ನನಗೂ ಗೊತ್ತು, ಊರಿಗೂ ಗೊತ್ತು.

ಮಿಷನ್ ಬಾಗಿಲಲ್ಲೇ ನಿಂತು ಶುರು ಮಾಡಿದ. "ಏಮಿರಾ ಇದಿ? ಪಿಚ್ಚಿ ಗಿಚ್ಚಿ ಹಿಡಿದೈತೇನ್ಲಾ ನಿಂಗೆ? ಒಡಹುಟ್ಟಿದ ಅಣ್ಣ ಬದುಕವ್ನೆ, ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಕರೀಲಿಲ್ಲ ಅಂತ ಕೋಪ ಬಂದಿದೆ ಅಂದುಕೊಂಡೆ. "ಅದಕ್ಯಾಕಣ್ಣ ಬೇಜಾರು? ಇನ್ನೂ ಟೈಮೈತೆ. ನಿಂದೂ ಸೇರಿಸ್ಬುಡ್ತೀನಿ ಬುಡು" ಅಂದೆ.

"ನಂದೂನಾ?"

"ಅತ್ತಿಗೇದೂ ಸೇರಿಸ್ತೀನಿ. ಚಿರಂಜೀವಿಗೆ ಒಂದು ಫೋನು ಮಾಡಿದ್ರೆ ಮುಗೀತು. ನೀನೊಂದು ಸೈನ್ ಹಾಕಿದ್ರೆ ಸಾಕು."

ಮೂಡಲಗಿರಿಯಪ್ಪ ರಾಗಿ ಮೂಟೆ ಮೇಲೆ ಕುಸಿದು ಕೂತ. ನೀರು ಕೊಟ್ಟೆ, ಕುಡಿಯಲಿಲ್ಲ. "ಅಯ್ಯೋ ದೇವುಡಾ, ಅತ್ತಿಗೇ ತವರು ಭೂಮಿ ಮೇಲೂ ಕಣ್ಣಾಕವ್ನೆ" ಅಂತ ಗೊಣಗಿದ. ಬಸ್ಸಿನ ಸುಸ್ತು ಅಂತ ಅವನನ್ನು ಅಲ್ಲೇ ಮಲಗಿಸಿದೆ.

ಭಾನುವಾರ ಬೆಳಗ್ಗೆ ಪಂಚಾಯ್ತಿ ಕಚೇರಿ ಮುಂದೆ ಶಾಮಿಯಾನ ಎದ್ದಿತ್ತು. ಅಡ್ಡಡ್ಡಕ್ಕೆ ಒಂದು ಫ್ಲೆಕ್ಸು. ಅದರಲ್ಲಿ ನನ್ನ ಫೋಟೋ, ವರಲಕ್ಷ್ಮಿ ಫೋಟೋ, ಇಬ್ಬರಿಗಿಂತ ದೊಡ್ಡದಾಗಿ ಶಂಕರಲಿಂಗಪ್ಪನ ಫೋಟೋ. ಕೆಳಗೆ, "ಭೂದಾನಿ ಓಬಳರಾಜು ದಂಪತಿಗಳಿಗೆ ಊರ ಪರವಾಗಿ ಹಾರ್ದಿಕ ಸನ್ಮಾನ." ನಾನು ಓದಿ ಹೊಟ್ಟೆ ಹಿಡ್ಕೊಂಡು ನಕ್ಕೆ. ಫ್ಲೆಕ್ಸ್ ಹೊಡೆಯೋರಿಗೆ ಕಾಗುಣಿತ ಬರಲ್ಲ ಅನ್ನೋದು ಲೋಕಕ್ಕೇ ಗೊತ್ತಿರೋ ವಿಷಯ. ಭೂತಾನಿ ಅಂತ ಬರೆಯೋ ಕಡೆ ಭೂದಾನಿ ಅಂತ ಹೊಡೆದಿದಾನೆ. ಹೋಗ್ಲಿ ಬಿಡು, ಪ್ರೀತಿಯಿಂದ ಮಾಡಿದಾರೆ ಅಂತ ಒಂದು ಫೋಟೋ ತೆಗೆದುಕೊಂಡೆ.

ವರಲಕ್ಷ್ಮಿ ಮಧುಗಿರಿ ಬಸ್ಸಿಳಿದು ಸ್ವೆಟರ್ ಚೀಲದ ಸಮೇತ ಮನೆಗೆ ಹೊರಟಿದ್ದಳು. ಆಂಜಿನಮ್ಮ ಅವಳನ್ನು ದಾರೀಲೇ ಹಿಡಿದು, ಕುಂಕುಮ ಹಚ್ಚಿ, ಸೀದಾ ಸ್ಟೇಜಿಗೆ ಹತ್ತಿಸಿದಳು.

"ಏನ್ರೀ ಇದೆಲ್ಲ?" ಅಂತ ನನ್ನ ಕಿವೀಲಿ ಕೇಳಿದಳು.

"ಊರು ನಮ್ಮನ್ನ ಬೀಳ್ಕೊಡ್ತಾ ಐತೆ, ನಗ್ತಾ ಕೂತ್ಕ" ಅಂದೆ.

ನನಗೆ ಮೈಸೂರು ಪೇಟ ಇಟ್ಟರು. ಶಾಲು ಹೊದಿಸಿದರು. ಏಲಕ್ಕಿ ಹಾರ ಹಾಕಿದರು. ಮೈಕು ಕೊಟ್ಟು ನಾಲ್ಕು ಮಾತಾಡಿ ಅಂದರು. ನನಗೆ ಮೈಕು ಬೇಡ, ಆದ್ರೂ ಮರ್ಯಾದೆಗೆ ಹಿಡ್ಕೊಂಡೆ. ಮಿಷನ್ ಗಂಟಲೂ ಮೈಕೂ ಸೇರಿದ್ರೆ ಏನಾಗುತ್ತೆ? ಬರೀ ಗುಂಯ್ ಅನ್ನೋ ಸದ್ದು, ಅದರೊಳಗೆ ಅಲ್ಲೊಂದು ಇಲ್ಲೊಂದು ಅಕ್ಷರ.

"ನಾವು ಮಾಡ್ತಿರೋದು ದೊಡ್ಡ ಕೆಲ್ಸ ಅಲ್ಲ. ಭೂಮಿ ಮ್ಯಾಲೆ ಹುಟ್ಟಿದ ಮ್ಯಾಲೆ ಪ್ರತಿಯೊಬ್ರೂ ಒಂದ್ಸಲನಾದ್ರೂ ಭೂತಾನ ಮಾಡ್ಬೇಕು! ಜಯಣ್ಣ, ನೀನೂ ಮಾಡ್ಬೇಕು! ಶಂಕರಲಿಂಗಪ್ಪಾರೇ, ನಿಮಗಂತೂ ಶಕ್ತಿ ಐತೆ, ನೀವು ಮೊದ್ಲೇ ಮಾಡ್ಬೇಕಿತ್ತು!"

ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನ ಜಮೀನಿದ್ದೋರೆಲ್ಲ ತಲೆ ತಗ್ಗಿಸಿದರು. ಹಿಂದಿನ ಸಾಲಿನೋರು ಮಾತ್ರ ಶಿಳ್ಳೆ ಹಾಕಿದರು. ಶಂಕರಲಿಂಗಪ್ಪ ಬೆವರು ಒರೆಸಿಕೊಳ್ತಾ ಮೈಕು ಕಿತ್ತುಕೊಂಡ. "ಈ ಪುಣ್ಯವಂತ ದಂಪತಿಗಳು ತಮ್ಮ ಮೂಡ್ಲ ಹೊಲವನ್ನು ಸಮುದಾಯ ಭವನಕ್ಕೆ ಭೂದಾನ ಮಾಡ್ತಿದಾರೆ. ಸರ್ವೆಯರ್ ಸಾಹೇಬರು ಅಳತೆ ಮುಗಿಸಿದಾರೆ. ನಾಳೆ ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ..."

"ಚೇಯನಿವ್ವನು! ಬುಡಾಕಿಲ್ಲ!" ಅಂತ ನಮ್ಮಣ್ಣ ಶಾಮಿಯಾನದ ಕಂಬ ಹಿಡಿದು ಕೂಗಿದ. "ನನ್ನ ಹೆಣದ ಮ್ಯಾಲೆ ಬರೆಸ್ಕಳ್ರಿ!"

ನನ್ನ ತಲೆಯೊಳಗೆ ಟೀ, ಬಾಳೆಹಣ್ಣು, ಟೇಪು, ಫ್ಲೆಕ್ಸು ಎಲ್ಲ ಒಟ್ಟಿಗೆ ತಿರುಗಿದವು. ವರಲಕ್ಷ್ಮಿಗೆ ಅರ್ಥ ಆಗೋಕೆ ಅಷ್ಟು ಹೊತ್ತು ಬೇಕಾಗಲಿಲ್ಲ. ಎದ್ದು ಹೋಗಿ ಮೈಕು ತಗೊಂಡಳು.

"ಭೂ-ತಾ-ನ! ತಾಯಿ ಅನ್ನೋವಾಗ ಬರೋ ತಾ! ಅದೊಂದು ದೇಶ. ನಾನೂ ನಮ್ಮನೆಯೋರೂ ನಾಳೆ ಅಲ್ಲಿಗೆ ಟೂರು ಹೋಗ್ತಿದೀವಿ. ಹೊಲ ಯಾರಿಗೂ ಕೊಡ್ತಿಲ್ಲ."

ಮೊದಲು ನಕ್ಕೋನು ನಮ್ಮಣ್ಣ. "ನನ್ನ ತಮ್ಮ ಬಂಗಾರ!" ಅಂತ ಕಂಬ ಬಿಟ್ಟು ಬಂದು ನನ್ನನ್ನು ತಬ್ಬಿಕೊಂಡ. ತಬ್ಬಿಕೊಂಡೇ ಕೇಳಿದ, "ಅಲ್ಲಿ ಯಾವ ದೇವ್ರುಲಾ?"

"ದೇವ್ರಿಗಲ್ಲಣ್ಣ. ನೋಡಾಕೆ."

ಅಣ್ಣ ತಬ್ಬಿಕೊಂಡಿದ್ದ ಕೈ ಬಿಟ್ಟ. "ಹರಕೆ ಇಲ್ಲ, ಆಸ್ಪತ್ರೆ ಇಲ್ಲ, ನೆಂಟರಿಲ್ಲ. ನೋಡಾಕೆ ಅಂತ ವಿಮಾನ ಹತ್ತುತ್ತೀರಾ? ಈ ವಯಸ್ಸಲ್ಲಿ?"

ಅಷ್ಟು ಸಾಕಾಯ್ತು. ಆವರೆಗೆ ಹೊಲದ ಮೇಲೆ ಎರಡು ಪಂಗಡ ಆಗಿದ್ದ ಊರು ಒಂದಾಗಿಬಿಟ್ಟಿತು. ಹೊಲ ಕೊಡಲ್ಲ ಅಂದಿದ್ದನ್ನು ಅವರು ಕ್ಷಮಿಸ್ತಿದ್ರೋ ಏನೋ, ಸುಮ್ಮನೆ ಸುತ್ತೋಕೆ ಹೋಗೋದನ್ನು ಕ್ಷಮಿಸೋ ಹಾಗೆ ಕಾಣಲಿಲ್ಲ. ಆಂಜಿನಮ್ಮ, "ಮಗಳಿಗೆ ಒಂದು ಸರ ಮಾಡಿಸ್ಬಾರ್ದಾಗಿತ್ತೇನಮ್ಮ?" ಅಂದಳು. ಜಯಣ್ಣ, "ನಾನು ಕೊಟ್ಟ ಟೀ?" ಅಂದ. ಮಹಾಲಿಂಗಯ್ಯ, "ಡ್ಯೂಟಿ ಟೈಮಲ್ಲಿ ಹೊಲ ಸುತ್ತಿಸಿದ್ರಲ್ರೀ" ಅಂದರು. ಶಂಕರಲಿಂಗಪ್ಪ ರಾಜಿಗೆ ಬಂದ. "ಆಯ್ತಮ್ಮ, ತಪ್ಪು ತಿಳುವಳಿಕೆ ಆಗೋಯ್ತು. ಆದ್ರೆ ಫ್ಲೆಕ್ಸ್ ಹಾಕ್ಸಿದೀವಿ, ಶಾಲು ಹೊದಿಸಿದೀವಿ, ಊರ ಮರ್ಯಾದೆ ಪ್ರಶ್ನೆ. ಹೊಲ ಬ್ಯಾಡ. ಈ ಟೂರು ಗೀರು ಕೈ ಬಿಟ್ಟು ಸಮಿತಿಗೆ ಏನಾದ್ರೂ ಒಂದು ಕೊಟ್ಬುಡ್ರಿ. ದೇವ್ರು ಮೆಚ್ತಾನೆ."

ಎಲ್ಲರೂ ನನ್ನ ಕಡೆ ನೋಡಿದರು. ಯಾಕಂದ್ರೆ ಗಂಡಸು ನಾನು, ಪೇಟ ಇರೋದು ನನ್ನ ತಲೆ ಮೇಲೆ. ನಿಜ ಹೇಳ್ತೀನಿ, ನನ್ನ ಬಾಯಿ 'ಆಗ್ಲಿ' ಅನ್ನೋಕೆ ತೆರೆದಿತ್ತು. ಅಷ್ಟು ಜನ ಒಟ್ಟಿಗೆ ನೋಡಿದ್ರೆ ನನಗೆ ಹಾಗೇ ಆಗೋದು.

ವರಲಕ್ಷ್ಮಿ ಇನ್ನೂ ಮೈಕು ಬಿಟ್ಟಿರಲಿಲ್ಲ.

"ನಾನು ಈ ಊರಿಗೆ ಬಂದಾಗಿಂದ ಮಿಷನ್ ಸದ್ದು ಬಿಟ್ರೆ ಬೇರೆ ಏನೂ ಕೇಳಿಲ್ಲ. ನಾನು ಹೊಸಲು ದಾಟಿದ್ರೆ ಒಂದು ಕಾರಣ ಇರ್ಬೇಕು. ಯಾರೋ ಸತ್ತಿರ್ಬೇಕು, ಇಲ್ಲ ಹೆತ್ತಿರ್ಬೇಕು, ಇಲ್ಲ ಹರಕೆ ಇರ್ಬೇಕು. ಮಹಾಲಕ್ಷ್ಮಿ ಹತ್ರ ಹೋದಾಗ್ಲೂ ನಾನು ಕೇಳ್ಕಂಡಿದ್ದು ಗಂಡಂಗೆ, ಮಗಳಿಗೆ, ಮಳೆಗೆ. ನನಗೆ ಅಂತ ಒಂದು ಬೆಟ್ಟ ನೋಡ್ಬೇಕು ಅನ್ನಿಸ್ತು. ಅಷ್ಟೇ. ಅದಕ್ಕೆ ಕಾರಣ ಇಲ್ಲ. ಕಾರಣ ಹೇಳೋದೂ ಇಲ್ಲ. ಯಾರಿಗೆ ಏನನ್ನಿಸ್ತದೋ ಅನ್ನಿಸ್ಲಿ."

ಹಿಂದಿನ ಸಾಲಿನ ಹೆಂಗಸರಲ್ಲಿ ಯಾರೋ ಒಬ್ಬಳು ಚಪ್ಪಾಳೆ ಹೊಡೆದಳು. ಪಕ್ಕದೋರು ಕೈ ಹಿಡಿದು ನಿಲ್ಲಿಸಿದರು.

ನನಗೆ ಆವಾಗ ಬಂದ ಸಿಟ್ಟು ನನ್ನ ಜನ್ಮದಲ್ಲೇ ಬಂದಿರಲಿಲ್ಲ. ಇಷ್ಟೂ ಜನ ಸೇರಿ ಒಂದು ಹೆಂಗಸು ಬೆಟ್ಟ ನೋಡೋದನ್ನ ತಡೀತಾರಲ್ಲ ಅಂತ ಮೈಯೆಲ್ಲ ಉರೀತು. ಶಾಲು ತೆಗೆದು ಮಡಿಸಿ ಶಂಕರಲಿಂಗಪ್ಪನ ಹೆಗಲಿಗೆ ಹಾಕಿದೆ. ಹಾರ ತೆಗೆದು ಜಯಣ್ಣನಿಗೆ ಕೊಟ್ಟು, "ಟೀಗೆ ಏಲಕ್ಕಿ ಹಾಕ್ಕ" ಅಂದೆ. ಮೈಕಿಲ್ಲದೇ ಕೂಗಿದೆ, "ನಾಳೆ ಮಿಷನ್ ಬಂದ್! ರಾಗಿ ಇದ್ದೋರು ಸಿರಾದಲ್ಲಿ ಬೀಸಿಸ್ಕಳ್ರಿ!"

"ಪೇಟ?" ಅಂತ ಶಂಕರಲಿಂಗಪ್ಪ ಕೈ ಚಾಚಿದ.

"ಅದು ನನಗೆ ಚೆನ್ನಾಗಿ ಕೂತೈತೆ, ಕೊಡಾಕಿಲ್ಲ" ಅಂದೆ. ಹೆಂಡತಿ ಕೈ ಹಿಡ್ಕೊಂಡು ಪೇಟದ ಸಮೇತ ಸ್ಟೇಜಿಳಿದು ಊರ ನಡುವೆ ನಡೆದು ಮನೆಗೆ ಬಂದೆ. ಸೋಮವಾರ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಒಬ್ಬರೂ ಬರಲಿಲ್ಲ. ಬರದೇ ಇದ್ದಿದ್ದು ಒಳ್ಳೇದೇ ಆಯ್ತು, ಸೀಟು ಸಿಕ್ಕಿತು.

ವಿಮಾನದ ಕತೆ, ಗಡಿಯಲ್ಲಿ ನಮ್ಮ ವೋಟರ್ ಕಾರ್ಡ್ ಫೋಟೋ ನೋಡಿ ಆಫೀಸರ್ ನಮ್ಮಿಬ್ಬರನ್ನೂ ಮೂರು ಮೂರು ಸಲ ನೋಡಿದ ಕತೆ ಬೇರೆ. ಅಲ್ಲಿನೋರು ಮೆಣಸಿನಕಾಯಿಯನ್ನೇ ಪಲ್ಯ ಮಾಡ್ಕೊಂಡು ತಿಂತಾರೆ. ನಮ್ಮ ಪಾವಗಡದೋರು ಖಾರದಲ್ಲಿ ತಮ್ಮ ಸಮಾನ ಇಲ್ಲ ಅಂತಾರಲ್ಲ, ಒಂದ್ಸಲ ಅಲ್ಲಿಗೆ ಕಳಿಸ್ಬೇಕು. ಥಿಂಪು ಅನ್ನೋ ಊರಿಂದ ಮೇಲಕ್ಕೆ ಹತ್ತಿದ್ರೆ ದೋಚುಲಾ ಅಂತ ಒಂದು ಎತ್ತರದ ಜಾಗ. ಅಲ್ಲಿ ಗಾಡಿ ನಿಲ್ಲಿಸಿದರು. ಮಂಜು ಸರಿದಾಗ ಎದುರಿಗೆ ಹಿಮದ ಬೆಟ್ಟಗಳು ಸಾಲಾಗಿ ನಿಂತಿದ್ದವು. ವರಲಕ್ಷ್ಮಿ ಎರಡೆರಡು ಸ್ವೆಟರು ಹಾಕ್ಕೊಂಡು ಒಂದು ಕಟ್ಟೆ ಮೇಲೆ ಕೂತಳು. ಏನೋ ಹೇಳೋಕೆ ನಾನು ಬಾಯಿ ತೆಗೆದೆ.

"ಸುಮ್ಕಿರಿ" ಅಂದಳು.

ಸುಮ್ಮನಾದೆ. ಅವಳು ನೋಡ್ತಾನೇ ಇದ್ದಳು. ಗಾಡಿಯಲ್ಲಿದ್ದೋರೆಲ್ಲ ಫೋಟೋ ಹೊಡ್ಕೊಂಡು, ಟೀ ಕುಡಿದು ವಾಪಸ್ ಬಂದರು, ಅವಳು ಏಳಲಿಲ್ಲ. ಅವಳ ಮುಖ ನೋಡಿದೆ. ಮದುವೆ ದಿನವೂ ಅಷ್ಟು ಖುಷಿಯಾಗಿದ್ದಳೋ ಇಲ್ವೋ, ನನಗೆ ಹೊಟ್ಟೆ ತುಂಬಿತು.

ಆಗ ಫೋನು ಬಡ್ಕೊಂಡಿತು. ವಾಟ್ಸಾಪಿನಲ್ಲಿ ನಮ್ಮಣ್ಣ. ಇನ್ನೂ ನಮ್ಮೂರಲ್ಲೇ ಇದ್ದ, ಹಿಂದೆ ಶಂಕರಲಿಂಗಪ್ಪನ ಕೆಮ್ಮು, ಆಂಜಿನಮ್ಮನ ಪಿಸುಮಾತು ಎಲ್ಲ ಕೇಳ್ತಿತ್ತು. ಸ್ಪೀಕರಿಗೆ ಹಾಕಿದಾರೆ ಅಂತ ಗೊತ್ತಾಯ್ತು.

"ಏನ್ಲಾ, ಏನ್ ಮಾಡ್ತಿದೀರಿ ಅಲ್ಲಿ?"

"ಏನೂ ಇಲ್ಲಣ್ಣ."

"ಏನೂ ಇಲ್ಲ ಅಂದ್ರೆ?"

"ಕೂತಿದೀವಿ."

"ಅಷ್ಟು ದೂರ ಹೋಗಿ, ಅಷ್ಟು ಜನರನ್ನ ಎದುರು ಹಾಕ್ಕೊಂಡು, ಸುಮ್ನೆ ಕೂತಿದೀರಾ?"

ನಾನು ವರಲಕ್ಷ್ಮಿ ಕಡೆ ನೋಡಿದೆ. ಅವಳು ಬೆಟ್ಟದಿಂದ ಕಣ್ಣು ತೆಗೆಯದೇ ಪಕ್ಕಕ್ಕೆ ಸರಿದು ನನಗೂ ಜಾಗ ಮಾಡಿದಳು.

"ಹೂಂ ಅಣ್ಣ" ಅಂದೆ. "ನಾಳೆನೂ ಏನೂ ಮಾಡಲ್ಲ."